ಫಿನೈಲಕ್ಕನ ಆನರ್ಸ್

ಫಿನೈಲಕ್ಕ ದಿನಕ್ಕೆ ಎರಡು ಸಲ ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದಳು. ಬೆಳಿಗ್ಗೆ ಐದೂವರೆಗೆ ಹಿಂದಿನ ಗೇಟಿನಿಂದ, ನೀಲಿ ಕೋಟು ತೊಟ್ಟು, ಬಕೆಟ್ಟು ಹಿಡಿದು. ಹತ್ತು ಗಂಟೆಗೆ ಮುಂದಿನ ಗೇಟಿನಿಂದ, ಚೀಲ ನೇತುಹಾಕಿಕೊಂಡು, ಎದೆ ಸೆಟೆಸಿಕೊಂಡು. ನಡುವೆ ಅರ್ಧ ಗಂಟೆ ಬಿಡುವು. ಆ ಅರ್ಧ ಗಂಟೆಯಲ್ಲಿ ಹಿಂದಿನ ಗೇಟಿನಿಂದ ಹೊರಬಿದ್ದು, ಕಾಂಪೌಂಡು ಪೂರ್ತಿ ಸುತ್ತಿ, ಮುಂದಿನ ಗೇಟಿಗೆ ಬರಬೇಕು. ಒಳಗಿಂದೊಳಗೇ ಹೋದರೆ ಎರಡು ನಿಮಿಷ. ಹೋಗುವಂತಿಲ್ಲ. ಕೆಲಸದವರ ಪಾಸು ಹಿಂದಿನ ಗೇಟಿಗೆ, ವಿದ್ಯಾರ್ಥಿಗಳ ಪಾಸು ಮುಂದಿನ ಗೇಟಿಗೆ. ಅವಳ ಬಳಿ ಎರಡೂ ಇದ್ದವು. ಎರಡರಲ್ಲೂ ಅದೇ ಮುಖ, ಅದೇ ಫೋಟೋ.

"ಅಲ್ಲಣ್ಣ, ಎರಡೂ ನಾನೇ ತಾನೆ?" ಎಂದು ಮೊದಲ ದಿನ ಕಾವಲುಗಾರನನ್ನು ಕೇಳಿದಳು.

ಅವನು ಎರಡೂ ಪಾಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಇರ್ಬೋದಮ್ಮ. ಆದ್ರೆ ಒಬ್ಳು ಆಚೆ ಹೋಗ್ದೆ ಇನ್ನೊಬ್ಳು ಒಳಗೆ ಬರೋ ಹಾಗಿಲ್ಲ. ಲೆಕ್ಕ ತಪ್ಪುತ್ತೆ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ನಲವತ್ತೊಂದನೆಯ ವಯಸ್ಸಿನಲ್ಲಿ ಕಾಲೇಜು ಸೇರಿದವಳಿಗೆ ಮೊದಲ ದಿನ ಏನು ನೋಡಿದರೂ ನಗು. ಕಾಂಪೌಂಡಿನ ಸುತ್ತ ದಡದಡ ಓಡಿದಳು. ಓಡುತ್ತಾ ನಕ್ಕಳು. ಮುಂದಿನ ಗೇಟಿನಲ್ಲಿ ಪಾಸು ತೋರಿಸುವಾಗ ಏದುಸಿರು ಬಿಡುತ್ತಾ, "ಅವ್ಳು ಹೋದ್ಳು, ನಾನು ಬಂದೆ," ಎಂದಳು. ಅಲ್ಲಿದ್ದ ಕಾವಲುಗಾರನಿಗೆ ತಲೆಬುಡ ತಿಳಿಯಲಿಲ್ಲ.

ಫಿನೈಲಕ್ಕ ಅನ್ನುವುದು ಅವಳ ಹೆಸರಲ್ಲ. ಹುಡುಗರು ಇಟ್ಟದ್ದು. ಹತ್ತೊಂಬತ್ತು ವರ್ಷ ರಸಾಯನಶಾಸ್ತ್ರದ ಕಟ್ಟಡದ ಎರಡನೆಯ ಮಹಡಿ ಒರೆಸಿದವಳ ಮೈಯಿಂದ ಇನ್ನೇನು ವಾಸನೆ ಬರಬೇಕು? ಮೇಸ್ತ್ರಿಯೊಬ್ಬನ ಕೈಕೆಳಗೆ ಒರೆಸುವವರು ಒಟ್ಟು ಎಂಟು ಜನ, ಎಲ್ಲ ಹೆಂಗಸರು. ಅವರವರಲ್ಲಿ ಹೆಸರೇ ಬೇಕಿರಲಿಲ್ಲ. ನೆಲಮಹಡಿಯವಳು, ಗ್ರಂಥಾಲಯದವಳು, ಸಭಾಂಗಣದವಳು. ಒರೆಸುವ ಜಾಗವೇ ಹೆಸರು.

ಇವಳ ಮಹಡಿಯಲ್ಲಿ ಆರು ತರಗತಿ, ಎರಡು ಪ್ರಯೋಗಾಲಯ, ನಾಲ್ಕು ಕಕ್ಕಸು, ಕೊನೆಯಲ್ಲಿ ದೊಡ್ಡ ಮೇಷ್ಟ್ರ ಕೋಣೆ. ದೊಡ್ಡ ಮೇಷ್ಟ್ರು ಅಂದರೆ ವಿಭಾಗದ ಮುಖ್ಯಸ್ಥರು. ಅವರು ಬೆಳಿಗ್ಗೆ ಎಂಟಕ್ಕೇ ಬಂದು ಕೂತು ಓದುತ್ತಾರೆ. ಇವಳು ಬಕೆಟ್ಟು ತಂದರೆ ತಲೆ ಎತ್ತುವುದಿಲ್ಲ, ಮಾತಾಡುವುದಿಲ್ಲ. ಎರಡೂ ಕಾಲು ಎತ್ತುತ್ತಾರೆ. ಇವಳು ಬಗ್ಗಿ ಮೇಜಿನ ಕೆಳಗೆ ಒರೆಸುತ್ತಾಳೆ. ಅವರು ಕಾಲು ಇಳಿಸುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ.

ತರಗತಿಗಳ ಕಪ್ಪು ಹಲಗೆ ಒರೆಸುವುದೂ ಇವಳದೇ ಪಾಲು. ಶಾಲೆಯ ಕೊನೆಯ ತರಗತಿ ಪಾಸು ಮಾಡಿದ್ದಳು, ಒಳ್ಳೆಯ ಅಂಕ ತೆಗೆದು. ಆಮೇಲೆ ಮದುವೆ, ಆಮೇಲೆ ಬಕೆಟ್ಟು. ಹಲಗೆಯ ಮೇಲಿದ್ದುದನ್ನು ಓದದೆ ಒರೆಸಿದ ದಿನವಿಲ್ಲ. ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಐದಾರು ವರ್ಷಕ್ಕೆ ಅರ್ಧಂಬರ್ಧ ಆಯಿತು. ಹತ್ತು ವರ್ಷಕ್ಕೆ ಒಂದು ದಿನ, ಹಲಗೆಯ ಮೇಲೆ ಒಂದು ಸಮೀಕರಣ ತಪ್ಪಾಗಿದೆ ಅನ್ನಿಸಿತು. ಬಲಗಡೆ ಒಂದು ಆಮ್ಲಜನಕ ಕಮ್ಮಿ. ಅವಳು ಬಾಗಿಲು ನೋಡಿದಳು, ಸೀಮೆಸುಣ್ಣ ಎತ್ತಿಕೊಂಡಳು, ಸರಿ ಮಾಡಿದಳು, ಆಮೇಲೆ ಒರೆಸಿದಳು. ತಪ್ಪನ್ನು ಹಾಗೆಯೇ ಒರೆಸಲು ಮನಸ್ಸು ಬರಲಿಲ್ಲ ನೋಡಿ.

ಹೀಗಿರುವಾಗ ಸೂಚನಾ ಫಲಕದ ಗಾಜು ಒರೆಸುತ್ತಾ ಒಂದು ಕಾಗದ ಓದಿದಳು. ಇಪ್ಪತ್ತೈದು ದಾಟಿದವರೂ ಪ್ರವೇಶ ಪರೀಕ್ಷೆ ಬರೆದು ಆನರ್ಸ್ ಸೇರಬಹುದು. ನಾಲ್ಕು ವರ್ಷ. ರಸಾಯನಶಾಸ್ತ್ರಕ್ಕೆ ಇಪ್ಪತ್ತು ಸೀಟು. ಆ ಗಾಜನ್ನು ಅವತ್ತು ಅವಳು ಒರೆಸಿದ್ದೇ ಒರೆಸಿದ್ದು. ಗಾಜು ತೆಳ್ಳಗಾಗದೆ ಉಳಿದದ್ದು ಪುಣ್ಯ.

ಪರೀಕ್ಷೆ ಬರೆದಳು. ಇಪ್ಪತ್ತರಲ್ಲಿ ಹನ್ನೊಂದನೆಯವಳಾಗಿ ಸೀಟು ಬಂತು.

ಮನೆಗೆ ಬಂದು ಅತ್ತೆಯ ಎದುರು ಕುಣಿದಳು. ಅತ್ತೆಯೂ ಅದೇ ಕೆಲಸ ಮಾಡಿ ಮಂಡಿ ಸವೆಸಿಕೊಂಡ ಮುದುಕಿ. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ತನಗೆ ಬೇಕಾದುದನ್ನು ಮಾತ್ರ ಕೇಳುತ್ತದೆ.

"ಅತ್ತೆ, ನಾನು ಆನರ್ಸ್ ಮಾಡ್ತೀನಿ!"

"ಯಾವ ನರ್ಸು?"

"ಆನರ್ಸ್ ಅತ್ತೆ, ಆನರ್ಸ್!"

"ಅದೇ ಕಣೇ, ಆ ನರ್ಸ್ ಯಾರು ಅಂತ ನಾನು ಕೇಳ್ತಿರೋದು."

ಗಂಡ ಗೋಡೆಗೆ ಬಣ್ಣ ಬಳಿಯುವವನು. ಮೂಲೆಯಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದವನು ಬಿದ್ದುಬಿದ್ದು ನಕ್ಕ. ನಕ್ಕು ಸುಸ್ತಾದ ಮೇಲೆ ಅವನ ಮುಖ ಗಂಭೀರವಾಯಿತು. "ಅಂದ್ರೆ ನಾಲ್ಕು ವರ್ಷ ಅಡುಗೆ ನಂದಾ?"

"ಹೂಂ."

"ಸರಿ. ಉಪ್ಪಿನ ಡಬ್ಬಿ ಎಲ್ಲಿಡ್ತೀಯ, ಅದೊಂದು ಹೇಳ್ಬಿಡು."

ಮುಂದಿನ ವಾರ ಅವಳು ಮನೆಗೆ ಬರುವಷ್ಟರಲ್ಲಿ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರು. ಒಬ್ಬನಿಗೆ ಬೆನ್ನ ಮೇಲೆ ಕುರು. ಒಬ್ಬಳ ಮಡಿಲಲ್ಲಿ ಜ್ವರದ ಕೂಸು. ಒಬ್ಬ ಮುದುಕ ಅಂಗಿಯ ತೋಳು ಮಡಿಸಿ, ರಕ್ತದೊತ್ತಡ ನೋಡಲೆಂದು ಕೈ ಚಾಚಿಕೊಂಡೇ ಕೂತಿದ್ದ. ಅತ್ತೆ ಬಾಗಿಲಲ್ಲಿ ನಿಂತು, "ಸಾಲಾಗಿ ಕೂತ್ಕೊಳಿ, ನುಗ್ಗಬೇಡಿ. ನಮ್ ಸೊಸೆ ಬರ್ತಾಳೆ," ಎಂದು ದರ್ಬಾರು ನಡೆಸುತ್ತಿದ್ದಳು. ಫಿನೈಲಕ್ಕ ತಲೆ ಚಚ್ಚಿಕೊಂಡು, ಎಲ್ಲರಿಗೂ ಕೈ ಮುಗಿದು, ಕೂಸಿನ ತಾಯಿಯನ್ನು ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಳು. ವಿಷಯ ಬಿಡಿಸಿ ಹೇಳಿದ ಮೇಲೆ ಅತ್ತೆಗೆ ಬೇಜಾರೋ ಬೇಜಾರು.

"ನಾಲ್ಕು ವರ್ಷ ಓದಿ ಒಂದು ಸೂಜಿನೂ ಚುಚ್ಚಕ್ಕೆ ಬರಲ್ಲ ಅಂದ್ರೆ ಅದೆಂಥ ಓದೇ?"

ಓದು ಹೇಗೆ ಸಾಗಿತು ಅಂತ ಕೇಳುತ್ತೀರಾ? ಬೆಳಿಗ್ಗೆ ತಾನು ಒರೆಸಿದ ಬೆಂಚಿನ ಮೇಲೆ ತಾನೇ ಕೂತಳು. ಅದಕ್ಕಿಂತ ಸೊಗಸು ಬೇರೆ ಇಲ್ಲ ಅಂದುಕೊಂಡಳು. ಅಕ್ಕಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು ಆಚೆ ಸರಿದರು. ಇವಳು ಕಾಲು ಚಾಚಿ ಕೂತಳು. ಬೆಂಚು ಪೂರ್ತಿ ಇವಳದೇ ಆಯಿತು. ನಗುತ್ತಲೇ ಇದ್ದಳು, ಆದರೆ ಅವತ್ತು ಮನೆಗೆ ಹೋಗಿ ಮೂರು ಸಲ ಸೋಪು ಹಚ್ಚಿ ಮೈ ಉಜ್ಜಿದಳು. ಚರ್ಮ ಕೆಂಪಾಯಿತು. ವಾಸನೆ ಹೋಗಲಿಲ್ಲ.

ಎರಡನೆಯ ತಿಂಗಳು ಮೇಷ್ಟರೊಬ್ಬರು ಹಲಗೆಯ ಮೇಲೆ ಒಂದು ಆರುಮೂಲೆಯ ಉಂಗುರ ಬರೆದು, "ಇದು ಫಿನೈಲ್ ಗುಂಪು," ಎಂದರು. ಇಡೀ ತರಗತಿ ಗಕ್ಕನೆ ತಿರುಗಿ ಇವಳನ್ನು ನೋಡಿತು. ಕಿಸಕಿಸ ಶುರುವಾಯಿತು. ಇವಳು ಕೈ ಎತ್ತಿ ಎದ್ದು ನಿಂತಳು.

"ಬೆಂಜೀನ್ ಉಂಗುರದಿಂದ ಒಂದು ಜಲಜನಕ ಕಿತ್ರೆ ಉಳಿಯೋದು ಫಿನೈಲ್ ಸಾರ್. ಆರು ಇಂಗಾಲ, ಐದು ಜಲಜನಕ. ಒಂದು ಕೈ ಖಾಲಿ ಇರುತ್ತೆ. ಸಿಕ್ಕಿದೋರ ಕೈ ಹಿಡ್ಕೊಳ್ಳುತ್ತೆ." ಆಮೇಲೆ ಹುಡುಗರ ಕಡೆ ತಿರುಗಿದಳು. "ನನ್ನ ಬಕೆಟ್ನಲ್ಲಿ ಇರೋದು ಇದಲ್ಲ ಕಣ್ರಪ್ಪಾ. ಅದಕ್ಕೆ ಹೆಸರು ಮಾತ್ರ ಇದರದ್ದು. ನಂಗೂ ಅಷ್ಟೇ."

ಕಿಸಕಿಸ ನಿಂತಿತು. ಯಾರೋ ಒಬ್ಬ ಚಪ್ಪಾಳೆ ತಟ್ಟಿದ.

ಅವರನ್ನು ಪೂರ್ತಿ ಗೆದ್ದದ್ದು ಮಾತ್ರ ಪ್ರಯೋಗಾಲಯದಲ್ಲಿ. ಒಬ್ಬ ಹುಡುಗ ಬ್ಲೀಚಿಂಗ್ ಪುಡಿಯ ನೀರಿಗೆ ಆ್ಯಸಿಡ್ ಸುರಿಯಲು ಹೊರಟಿದ್ದ. ಇವಳು ಎಲ್ಲಿದ್ದಳೋ, "ಏಯ್, ಇಡೋ ಕೆಳಗೆ!" ಎಂದು ಕಿರುಚಿ ಹಾರಿ ಬಂದು ಸೀಸೆ ಕಿತ್ತುಕೊಂಡಳು. ಅದು ಪುಸ್ತಕದಿಂದ ಕಲಿತದ್ದಲ್ಲ. ಕೆಲಸಕ್ಕೆ ಸೇರಿದ ವರ್ಷ, ಕಕ್ಕಸು ಬೆಳ್ಳಗಾಗಲಿ ಅಂತ ಎರಡನ್ನೂ ಬೆರೆಸಿ ಉಜ್ಜು ಎಂದಿದ್ದ ಮೇಸ್ತ್ರಿ. ಬಾಗಿಲು ಮುಚ್ಚಿಕೊಂಡು ಉಜ್ಜಿದ್ದಳು. ಹಳದಿ ಹೊಗೆ ಎದ್ದಿತ್ತು. ಕಣ್ಣು ಊದಿ, ಹದಿನೈದು ದಿನ ದನಿಯೇ ಹೊರಡಲಿಲ್ಲ. ಆ ಹದಿನೈದು ದಿನವೂ ಕೆಲಸಕ್ಕೆ ಬಂದಿದ್ದಳು, ಏಕೆಂದರೆ ಒರೆಸಲು ದನಿ ಬೇಡ ಎಂದಿದ್ದ ಮೇಸ್ತ್ರಿ. ಹೊಗೆಯ ಹೆಸರು ಕ್ಲೋರಿನ್ ಅಂತ ಈಗ ಗೊತ್ತಾಯಿತು. ಮೇಸ್ತ್ರಿಗೆ ಏನು ಹೆಸರು ಅಂತ ಅವಳಿಗೆ ಮೊದಲೇ ಗೊತ್ತಿತ್ತು, ಇಲ್ಲಿ ಬರೆಯುವಂತಿಲ್ಲ.

ಅವತ್ತಿನಿಂದ ಹುಡುಗರು ಹುಡುಗಿಯರು ಅಂಟಿಕೊಂಡುಬಿಟ್ಟರು. ಅಕ್ಕಾ ಇದನ್ನ ಮೂಸಿ ನೋಡು, ಅಕ್ಕಾ ಇದು ಸರೀನಾ. ಇವಳ ನಗು ಅವರಿಗೂ ಹತ್ತಿತು. ಒಂದು ವರ್ಷ ಕಳೆಯಿತು, ಎರಡಾಯಿತು, ಮೂರಾಯಿತು. ದಿನಾ ಓಡಿದಳು. ಕಾಂಪೌಂಡಿನ ಸುತ್ತ ಓಡಿ ಓಡಿ ಇಪ್ಪತ್ತರ ಹುಡುಗಿಯ ಹಾಗಾಗಿದ್ದೀಯ ಅಂತ ಗಂಡ ಛೇಡಿಸಿದ. ಅವನ ಅಡುಗೆಯೂ ಅಷ್ಟರಲ್ಲಿ ಬಾಯಿಗಿಡುವ ಮಟ್ಟಕ್ಕೆ ಬಂದಿತ್ತು.

ಮೂರು ವರ್ಷಕ್ಕೇ ನಿಲ್ಲಿಸಿದರೆ ಸಾದಾ ಪದವಿ. ನಾಲ್ಕನೆಯದನ್ನೂ ಓದಿ, ಕೊನೆಯ ಪರೀಕ್ಷೆಯ ಎಲ್ಲ ವಿಷಯಗಳಲ್ಲಿ ಒಂದೇ ಏಟಿಗೆ ಪಾಸಾದರೆ ಆನರ್ಸ್. ಒಂದರಲ್ಲಿ ಬಿದ್ದರೂ ಮತ್ತೆ ಬರೆಯುವಂತಿಲ್ಲ, ಸಾದಾ ಪದವಿ ಕೈಗಿಟ್ಟು ಕಳಿಸುತ್ತಾರೆ. ಪ್ರಯೋಗಾಲಯದಲ್ಲಿ ಕೆಲಸ ಕೊಡುವುದು ಆನರ್ಸ್ ಇದ್ದವರಿಗೆ ಮಾತ್ರ. ಅದಿಲ್ಲದಿದ್ದರೆ ಫಿನೈಲಕ್ಕ ಎಷ್ಟು ಓದಿದರೂ ಬಕೆಟ್ಟಿನವಳೇ.

ಕೊನೆಯ ವಿಷಯದ ಪರೀಕ್ಷೆಯ ದಿನ ಬೆಳಿಗ್ಗೆ ಮೇಸ್ತ್ರಿ ಕಾದು ನಿಂತಿದ್ದ. "ಮೂರನೇ ಮಹಡಿಯವಳು ಬಂದಿಲ್ಲ, ಅದನ್ನೂ ನೀನೇ ಒರೆಸು ಇವತ್ತು. ಯಾರೋ ದೊಡ್ಡೋರು ಬರ್ತಾರಂತೆ. ದೊಡ್ಡ ಮೇಷ್ಟ್ರೇ ಹೇಳಿ ಕಳಿಸಿದಾರೆ."

"ಇವತ್ತು ಹತ್ತಕ್ಕೆ ಪರೀಕ್ಷೆ ಅಣ್ಣ. ಅವರದ್ದೇ ವಿಷಯ. ಅವರಿಗೂ ಗೊತ್ತು."

"ಹಾಗಾದ್ರೆ ಬೇಗ ಬೇಗ ಒರೆಸು."

ಎರಡು ಮಹಡಿ. ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಸೊಂಟ ಬಗ್ಗಿಸಿದವಳು ಮತ್ತೆ ಎತ್ತಲಿಲ್ಲ. ನೆಲ ಒರೆಸುವವರಿಗೆಲ್ಲ ಗೊತ್ತಿರುವ ಕ್ರಮ ಒಂದಿದೆ. ಒಳಗಿನ ಮೂಲೆಯಿಂದ ಶುರು ಮಾಡಬೇಕು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಗಿಲ ಕಡೆ ಬರಬೇಕು. ಬಾಗಿಲಿಂದ ಶುರು ಮಾಡಿದರೆ ಒರೆಸಿದ್ದನ್ನು ನೀವೇ ತುಳಿಯುತ್ತೀರಿ. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಕೆಟ್ಟು ಬಿಸಾಡಿ, ಕಾಂಪೌಂಡು ಸುತ್ತಿ, ಗಂಟೆ ಹೊಡೆಯುವಾಗ ಪರೀಕ್ಷೆಯ ಕೋಣೆಗೆ ಬಿದ್ದಳು. ಮೈ ಕೂತಿತ್ತು, ಆದರೆ ಸೊಂಟ ಇನ್ನೂ ಹಿಂದೆ ಹಿಂದೆ ಹೋಗುತ್ತಲೇ ಇತ್ತು.

ಪ್ರಶ್ನೆಪತ್ರಿಕೆ ನೋಡಿದಳು. ಎಲ್ಲಾ ಬರುತ್ತದೆ! ಒಂದೂ ಬಿಡದೆ ಎಲ್ಲಾ! ಖುಷಿಗೆ ಕಣ್ಣು ಕತ್ತಲೆ ಬಂತು. ಉತ್ತರ ಪುಸ್ತಕ ತೆಗೆದಳು, ಬರೆಯಲು ಹತ್ತಿದಳು, ಮೂರು ಗಂಟೆ ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಅತ್ತೆ, "ಹೆಂಗೆ ಬರೆದ್ಯೇ?" ಎಂದು ಕೇಳಿದಳು.

"ಸೂಪರ್ ಅತ್ತೆ. ಮೂವತ್ತೆರಡನೇ ಪುಟದಿಂದ ಶುರು ಮಾಡಿದೋಳು..." ಎಂದವಳು ಅಲ್ಲಿಗೇ ನಿಂತಳು. ಮೂವತ್ತೆರಡನೆಯ ಪುಟ. ಅದು ಕೊನೆಯ ಪುಟ. ಅದು ತುಂಬಿದ ಮೇಲೆ ಮೂವತ್ತೊಂದು. ಆಮೇಲೆ ಮೂವತ್ತು. ಹಿಂದೆ ಹಿಂದೆ ಬಂದು ಒಂಬತ್ತನೆಯ ಪುಟಕ್ಕೆ ಮುಗಿಸಿದ್ದಳು. ಮೊದಲ ಎಂಟು ಪುಟ ಖಾಲಿ. ಅಯ್ಯೋ ದೇವರೇ! ಮೂಲೆಯಿಂದ ಬಾಗಿಲಿಗೆ ಬಂದಿದ್ದಾಳೆ!

ನಾಲಿಗೆ ಕಚ್ಚಿಕೊಂಡಳು. ಅತ್ತೆಗೆ ಹೇಳಿದಳು. ಅತ್ತೆ ಗಲ್ಲಕ್ಕೆ ಕೈ ಹಚ್ಚಿಕೊಂಡು, "ಮತ್ತೇನೇ, ಸರಿಯಾಗೇ ಬರೆದಿದೀಯಲ್ಲ. ಬಾಗಿಲಿಂದ ಯಾರಾದ್ರೂ ಶುರು ಮಾಡ್ತಾರಾ?" ಎಂದಳು. ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪ್ರಶ್ನೆ ನಂಬರ್ ಹಾಕಿದೀನಿ. ಪುಟದ ನಂಬರ್ ಇದ್ದೇ ಇದೆ. ಓದೋರು ತಿರುಗಿಸಿ ಓದ್ಕೋತಾರೆ ಬಿಡಿ," ಎಂದಳು ಫಿನೈಲಕ್ಕ.

ಓದುವವರು ತಿರುಗಿಸಲಿಲ್ಲ. ಫಲಿತಾಂಶ ಬಂತು. ಏಳು ವಿಷಯದಲ್ಲಿ ಪಾಸು, ದೊಡ್ಡ ಮೇಷ್ಟ್ರ ವಿಷಯದಲ್ಲಿ ಸೊನ್ನೆ.

ಪರೀಕ್ಷಾ ಕಚೇರಿಯ ಗುಮಾಸ್ತೆ ಒಳ್ಳೆಯವಳು. ಪುಸ್ತಕ ತೆಗೆದು ತೋರಿಸಿದಳು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ "ಖಾಲಿ" ಎಂದು ಬರೆದು, ಕೆಳಗೆ ಸಹಿ. ಓದಿದ ಪ್ರತಿ ಪುಟಕ್ಕೂ ಪರೀಕ್ಷಕರು ಒಂದು ಕೆಂಪು ಗೆರೆ ಎಳೆಯಬೇಕು. ಎರಡನೆಯ ಪುಟದಿಂದ ಮುಂದೆ ಗೆರೆಯೇ ಇಲ್ಲ. ಪುಸ್ತಕದ ಹೊರಗಡೆ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ. ಆದರೆ ಈ ಪುಸ್ತಕದಿಂದ ಫಿನೈಲಿನ ವಾಸನೆ ಗಮ್ಮೆನ್ನುತ್ತಿತ್ತು. ಮುಂಗೈಯಿಂದ ಹಾಳೆಗೆ ಇಳಿದಿತ್ತು.

ಫಿನೈಲಕ್ಕನಿಗೆ ಆಗ ಸಿಟ್ಟು ಬಂತು. ನಾಲ್ಕು ವರ್ಷ ನಗುವಿನ ಕೆಳಗೆ ಕೂತಿದ್ದ ಸಿಟ್ಟು ಎದ್ದು ನಿಂತಿತು. ತಪ್ಪು ಬರೆದಿದ್ದೀ ಅಂದಿದ್ದರೆ ಒಪ್ಪುತ್ತಿದ್ದಳು. ಓದಿ ಸೊನ್ನೆ ಕೊಟ್ಟಿದ್ದರೆ ಅಳುತ್ತಿದ್ದಳು. ಪುಟವನ್ನೇ ತಿರುಗಿಸಲಿಲ್ಲ! ವಾಸನೆ ಬಂತು, ಖಾಲಿ ಅಂತ ಬರೆದರು. ಇವಳೊಳಗೆ ಏನೂ ಇಲ್ಲ ಅಂತ ಅವರಿಗೆ ಇಪ್ಪತ್ತಮೂರು ವರ್ಷದಿಂದ ಗೊತ್ತಿತ್ತಲ್ಲ.

ಮರುಪರಿಶೀಲನೆಗೆ ಅರ್ಜಿ ಬರೆದಳು. ಅದಕ್ಕೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಅಂದರೆ ಮತ್ತೆ ಅವರೇ. ಹನ್ನೊಂದು ಗಂಟೆಗೆ ಅರ್ಜಿ ಹಿಡಿದು ಅವರ ಕೋಣೆಗೆ ಹೋದಳು. ನೀಲಿ ಕೋಟಿಲ್ಲ, ಬಕೆಟ್ಟಿಲ್ಲ. ಮೇಜಿನ ಮುಂದೆ ನಿಂತಳು.

ದೊಡ್ಡ ಮೇಷ್ಟ್ರು ತಲೆ ಎತ್ತಲಿಲ್ಲ. ಎರಡೂ ಕಾಲು ಎತ್ತಿದರು.

ಫಿನೈಲಕ್ಕ ನೋಡಿದಳು. ಕಪ್ಪು ಬೂಟು ಗಾಳಿಯಲ್ಲಿತ್ತು. ಅವಳು ಅಲ್ಲಾಡಲಿಲ್ಲ. ಒಂದು ನಿಮಿಷವಾಯಿತು. ಬೂಟು ಸಣ್ಣಗೆ ನಡುಗಲು ಹತ್ತಿತು. ಅರವತ್ತರ ಹತ್ತಿರದ ಕಾಲು, ಎಷ್ಟು ಹೊತ್ತು ತಾನೆ ಎತ್ತಿಕೊಂಡಿರುತ್ತದೆ? ಅವಳಿಗೆ ಒಳಗಿನಿಂದ ನಗು ಉಕ್ಕಿ ಬಂತು, ಸಿಟ್ಟೂ ಉಕ್ಕಿ ಬಂತು, ಎರಡೂ ಗುದ್ದಾಡಿಕೊಂಡವು.

"ಕಾಲು ಇಳಿಸಿ ಸಾರ್. ನಾನು ಒರೆಸಕ್ಕೆ ಬಂದಿಲ್ಲ."

ಮೇಷ್ಟ್ರು ಬೆಚ್ಚಿದರು. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದರು. ಬೂಟು ದಡ್ಡನೆ ನೆಲಕ್ಕೆ ಬಿತ್ತು.

"ಏನು?"

"ಮರುಪರಿಶೀಲನೆ ಅರ್ಜಿ. ಸಹಿ ಬೇಕು."

ಅವರು ಓದಿದರು. "ಪುಸ್ತಕ ಹಿಂದಿನಿಂದ ಬರೆಯೋರು ಎಲ್ಲಾದ್ರೂ ಇದಾರೇನಮ್ಮ?"

"ಎದುರಿಗೇ ನಿಂತಿದೀನಿ. ಎಲ್ಲಿಂದ ಶುರು ಮಾಡ್ಬೇಕು ಅಂತ ನಿಯಮದಲ್ಲಿಲ್ಲ ಸಾರ್, ಓದ್ಕೊಂಡು ಬಂದಿದೀನಿ. ಎಲ್ಲಾ ಪುಟ ನೋಡಿ ಗೆರೆ ಎಳೀಬೇಕು ಅಂತ ಮಾತ್ರ ಇದೆ. ಅದು ನಿಮಗೆ."

ಮೇಷ್ಟ್ರ ಮುಖ ಕೆಂಪಾಯಿತು. ಅರ್ಜಿಯನ್ನು ಆಚೆ ತಳ್ಳಿದರು. "ನೋಡು, ಆನರ್ಸ್ ಅಂದ್ರೆ ಗೌರವ. ಅದು ಎಲ್ಲರಿಗೂ ಅಲ್ಲ. ಸಾದಾ ಪದವಿ ಸಿಗುತ್ತಲ್ಲ, ಇಟ್ಕೋ. ಹೇಗಿದ್ರೂ ನಾಳೆ ಬೆಳಿಗ್ಗೆ ಇಲ್ಲಿಗೇ ಬರ್ತೀಯ, ಇದೇ ಕೆಲಸ ಮಾಡ್ತೀಯ. ಅದಕ್ಕೆ ಆನರ್ಸ್ ಯಾಕೆ?"

"ಬರಲ್ಲ."

"ಏನಂದೆ?"

"ನೀವು ನನ್ನ ಪುಟ ತಿರುಗಿಸೋವರೆಗೂ ನಾನು ನಿಮ್ಮ ರೂಮು ಒರೆಸಲ್ಲ. ಬಾಕಿ ಮಹಡಿ ಎಲ್ಲಾ ಒರೆಸ್ತೀನಿ. ಈ ಹೊಸ್ತಿಲು ದಾಟಲ್ಲ."

ಹೇಳಿ ಹೊರಗೆ ಬಂದಳು. ಮೆಟ್ಟಿಲ ಕೆಳಗೆ ಬಕೆಟ್ಟು ಇಡುವ ಗೂಡಿನೊಳಗೆ ಹೊಕ್ಕು ಬಾಯಿಗೆ ಒರೆಸುವ ಬಟ್ಟೆ ತುರುಕಿಕೊಂಡು ನಕ್ಕಳು, ಆಮೇಲೆ ಅತ್ತಳು, ಮತ್ತೆ ನಕ್ಕಳು.

ಮೇಸ್ತ್ರಿ ಕುಣಿದಾಡಿದ. ಕೆಲಸ ಹೋಗುತ್ತೆ ಅಂದ. ಹೋಗ್ಲಿ ಅಂದಳು. ಅವನು ಮೂರನೆಯ ಮಹಡಿಯವಳಿಗೆ ಹೇಳಿದ. "ಅದು ನನ್ನ ಮಹಡಿ ಅಲ್ವಲ್ಲಣ್ಣ," ಎಂದಳು ಅವಳು, ಕಣ್ಣು ಪಿಳಿಪಿಳಿ ಬಿಡುತ್ತಾ. ನೆಲಮಹಡಿಯವಳಿಗೆ ಮೆಟ್ಟಿಲು ಹತ್ತಿದರೆ ತಲೆಸುತ್ತು. ಗ್ರಂಥಾಲಯದವಳಿಗೆ ಆ ಕೋಣೆಯ ದಾರಿಯೇ ಮರೆತುಹೋಯಿತು. ಏಳು ಜನರಿಗೂ ಒಂದೊಂದು ಕಾರಣ, ಒಂದಕ್ಕಿಂತ ಒಂದು ಚೆಂದ. ಕೊನೆಗೆ ಮೇಸ್ತ್ರಿಯೇ ಒಂದು ದಿನ ಬಟ್ಟೆ ಹಿಡಿದು ಒಳಗೆ ಹೋದ. ಬಾಗಿಲಿಂದ ಒರೆಸುತ್ತಾ ಹೋಗಿ, ಮೂಲೆ ಸೇರಿ, ವಾಪಸು ಬರುವಾಗ ತನ್ನದೇ ಒದ್ದೆಯಲ್ಲಿ ಜಾರಿ ಕುಂಡೆ ಊರಿ ಕೂತ. ಎಂಟು ಜನ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು.

ಒಂಬತ್ತನೆಯ ದಿನಕ್ಕೆ ಆ ಕೋಣೆ ಕೋಣೆಯಾಗಿ ಉಳಿದಿರಲಿಲ್ಲ. ಚೆಲ್ಲಿದ ಟೀಗೆ ಇರುವೆ ಮುತ್ತಿತ್ತು. ಹಾಳೆ, ಕೂದಲು, ಬಿಸ್ಕತ್ತಿನ ಪುಡಿ. ದೊಡ್ಡ ಮೇಷ್ಟ್ರು ಕಾಲು ಇಡಲು ಜಾಗ ಹುಡುಕುತ್ತಾ ಕೂತಿದ್ದಾಗ ಕುಲಸಚಿವೆ ಬಂದರು. ಇಡೀ ವಿಶ್ವವಿದ್ಯಾಲಯದ ಆಡಳಿತ ಅವರ ಕೈಯಲ್ಲಿ. ಎರಡು ಹೆಜ್ಜೆ ಇಟ್ಟರು, ಚಪ್ಪಲಿ ಟೀಗೆ ಅಂಟಿಕೊಂಡು ಅಲ್ಲೇ ಉಳಿಯಿತು.

"ಏನ್ರೀ ಇದು? ಒರೆಸೋರು ಎಲ್ಲಿ?"

ಫಿನೈಲಕ್ಕ ಹೊಸ್ತಿಲ ಆಚೆಯೇ ನಿಂತು ಹೇಳಿದಳು, ಶುರುವಿನಿಂದ ಕೊನೆಯವರೆಗೆ. ಈ ಸಲ ಹಿಂದಿನಿಂದಲ್ಲ. ಕುಲಸಚಿವೆ ಪುಸ್ತಕ ತರಿಸಿದರು. ಕೊನೆಯ ಪುಟ ತೆರೆದರು. ಅದರ ಹಿಂದಿನದು. ಅದರ ಹಿಂದಿನದು. ಆಮೇಲೆ ಮೇಷ್ಟ್ರ ಕಡೆ ನೋಡಿದರು. ಆ ನೋಟದ ಮುಂದೆ ಇರುವೆಗಳೂ ಪಕ್ಕಕ್ಕೆ ಸರಿದಿರಬೇಕು.

"ನಾಳೆ ಹನ್ನೊಂದಕ್ಕೆ ನನ್ನ ಕಚೇರಿಗೆ ಬನ್ನಿ. ಹೊರಗಿನ ಪರೀಕ್ಷಕರೊಬ್ಬರನ್ನ ಕರೆಸ್ತೀನಿ. ನೀವು ಓದಿ ಹೇಳಿ, ಅವರು ಅಂಕ ಹಾಕ್ತಾರೆ. ಗಟ್ಟಿಯಾಗಿ ಓದಿ. ವಿದ್ಯಾರ್ಥಿನಿ ಕೂತು ಕೇಳ್ತಾರೆ."

ವಿದ್ಯಾರ್ಥಿನಿ ಕೂತು ಕೇಳಿದಳು. ದೊಡ್ಡ ಮೇಷ್ಟ್ರು ನಿಂತು ಓದಿದರು. ಮೂವತ್ತೆರಡು, ಮೂವತ್ತೊಂದು, ಮೂವತ್ತು. ಅವಳು ಬರೆದ ಒಂದೊಂದು ಪದವನ್ನೂ ಅವರ ಬಾಯಿ ಹೇಳಬೇಕಾಯಿತು. ಮೊದಲು ಒಣದನಿಯಲ್ಲಿ ಓದಿದರು, ಔಷಧಿ ಕುಡಿದ ಮುಖ ಮಾಡಿಕೊಂಡು. ಕ್ಲೋರಿನ್ನಿನ ಉತ್ತರಕ್ಕೆ ಬಂದಾಗ ಓದು ನಿಧಾನವಾಯಿತು. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಎಷ್ಟು ಹೊತ್ತಿಗೆ ಗಂಟಲಿಗೆ ಇಳಿಯುತ್ತದೆ, ಕಣ್ಣಿಗೆ ಯಾವಾಗ ಹತ್ತುತ್ತದೆ, ಬಾಗಿಲ ಕೆಳಗಿನ ಸಂದಿಯಿಂದ ಯಾಕೆ ಹೊರಗೆ ಹೋಗುತ್ತದೆ ಎಂದೆಲ್ಲ ಬರೆದಿದ್ದಳು. ಪುಸ್ತಕದಲ್ಲಿರುವುದೂ ಇತ್ತು, ಇಲ್ಲದ್ದೂ ಇತ್ತು. ಮೇಷ್ಟ್ರ ಬಾಯಿಂದ ತಮಗೇ ಗೊತ್ತಿಲ್ಲದೆ ಒಂದು ಮಾತು ಜಾರಿತು.

"ಹೌದಲ್ಲ!"

ಹೊರಗಿನ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಅವರನ್ನು ನೋಡಿದರು. ಮೇಷ್ಟ್ರು ಕೆಮ್ಮಿದರು. ಫಿನೈಲಕ್ಕ ತುಟಿ ಕಚ್ಚಿ ಹಿಡಿದು, ನಗು ತಡೆಯಲಾಗದೆ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಒಂಬತ್ತನೆಯ ಪುಟ ಮುಗಿಯುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಮೇಷ್ಟ್ರು ಬೆವತಿದ್ದರು.

ನೂರಕ್ಕೆ ಎಪ್ಪತ್ತೆಂಟು. ಆನರ್ಸ್.

ಪದವಿ ಕೊಡುವ ಸಮಾರಂಭದ ಹಿಂದಿನ ದಿನ ಮೇಸ್ತ್ರಿ ಎಂಟು ಜನರನ್ನೂ ಸಾಲಾಗಿ ನಿಲ್ಲಿಸಿದ. ದೊಡ್ಡ ಸಭಾಂಗಣ, ಒಂಬೈನೂರು ಕುರ್ಚಿ. ಅದರ ನೆಲ ಒರೆಸಿ, ಕುರ್ಚಿ ಒಂದೊಂದನ್ನೂ ಉಜ್ಜಿ, ಹತ್ತು ಗಂಟೆಯೊಳಗೆ ಜಾಗ ಖಾಲಿ ಮಾಡಬೇಕು. ಆ ಕುರ್ಚಿಗಳ ಮೇಲೆ ಕೆಲಸದವರು ಯಾರೂ ಯಾವತ್ತೂ ಕೂತಿದ್ದಿಲ್ಲ. ಕೂತರೆ ಮೇಸ್ತ್ರಿ ಬೈಯುತ್ತಾನೆ.

"ನೀನು ಬೆಳಿಗ್ಗೆ ಒರೆಸು. ಆಮೇಲೆ ಹೋಗಿ ನಿನ್ನ ಪದವಿ ಗಿದವಿ ತಗೋ," ಎಂದ ಫಿನೈಲಕ್ಕನಿಗೆ.

"ರಜೆ ಬೇಕಣ್ಣ."

ಅವನು ರಜೆಯ ಚೀಟಿ ಕೊಟ್ಟ. ಕೆಲಸದವರ ರಜೆಯ ಚೀಟಿಯಲ್ಲಿ ಕಾರಣಕ್ಕೆ ಎರಡೇ ಖಾನೆ. ಕಾಯಿಲೆ, ಸಾವು. ಯಾವುದಾದರೊಂದಕ್ಕೆ ಗುರುತು ಹಾಕಬೇಕು. ಫಿನೈಲಕ್ಕ ಪೆನ್ನು ಹಿಡಿದು ಯೋಚಿಸಿದಳು. ಆಮೇಲೆ ಆ ಎರಡರ ಕೆಳಗೆ ತಾನೇ ಒಂದು ಚೌಕ ಎಳೆದಳು, ಪಕ್ಕದಲ್ಲಿ "ಖುಷಿ" ಎಂದು ಬರೆದಳು, ಗುರುತು ಹಾಕಿದಳು.

ಮೇಸ್ತ್ರಿ ಕಣ್ಣು ಕಿಸಿದು ಓದಿದ. "ಖುಷಿಗೆಲ್ಲ ರಜ ಕೊಡಕ್ಕಾಗಲ್ಲ!"

"ನೀವು ಕೊಡ್ಬೇಡಿ. ನಾನು ತಗೊಂಡೆ."

ಮೂರನೆಯ ಮಹಡಿಯವಳು ಕೈ ಚಾಚಿದಳು. "ಅಣ್ಣ, ನನಗೂ ಒಂದು ಚೀಟಿ ಕೊಡಿ." ಓದುಬರಹ ಬಾರದ ಸಭಾಂಗಣದವಳು ಫಿನೈಲಕ್ಕನ ಚೀಟಿ ಎದುರಿಗಿಟ್ಟುಕೊಂಡು, ಚೌಕವನ್ನೂ ಅಕ್ಷರವನ್ನೂ ಚಿತ್ರ ಬಿಡಿಸಿದಂತೆ ಬಿಡಿಸಿದಳು. ಎಂಟು ಚೀಟಿ ಆಯಿತು. ಮೇಸ್ತ್ರಿ ಎಂಟನ್ನೂ ಹಿಡಿದುಕೊಂಡು ಬೆಪ್ಪಾಗಿ ನಿಂತ.

ಪದವಿ ಪಡೆಯುವ ಒಬ್ಬೊಬ್ಬರಿಗೂ ಅತಿಥಿಗಳನ್ನು ಕರೆತರಲು ಎರಡು ಕಾರ್ಡು. ಫಿನೈಲಕ್ಕನ ಎರಡು ಗಂಡನಿಗೆ, ಅತ್ತೆಗೆ. ಜೊತೆಯ ಹುಡುಗರು ಹುಡುಗಿಯರು ತಮ್ಮ ಕಾರ್ಡುಗಳಲ್ಲಿ ಏಳನ್ನು ತಂದು ಅವಳ ಕೈಗಿಟ್ಟರು. ಕಿರುಚಾಡಿದರು, ಅವಳನ್ನು ಎತ್ತಿ ತಿರುಗಿಸಿದರು, ಕೆಳಗೆ ಬೀಳಿಸುವುದೊಂದು ಬಾಕಿ.

ಸಮಾರಂಭದ ದಿನ ಸಭಾಂಗಣವನ್ನು ಯಾರೂ ಒರೆಸಿರಲಿಲ್ಲ. ಕುರ್ಚಿಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಕರೀ ನಿಲುವಂಗಿ ತೊಟ್ಟ ಮೇಷ್ಟರುಗಳು ಸಾಲಾಗಿ ಬಂದರು. ನಿಲುವಂಗಿಯ ಅಂಚು ಧೂಳು ಗುಡಿಸುತ್ತಾ ಬಂತು. ಒಬ್ಬರು ಸೀನಿದರು, ಇನ್ನೊಬ್ಬರು ಸೀನಿದರು, ಸೀನು ವೇದಿಕೆಯವರೆಗೂ ಹಬ್ಬಿತು. ಫಿನೈಲಕ್ಕನ ಸಂಖ್ಯೆ ಕೂಗಿದರು, ಹೆಸರು ಕೂಗಿದರು. ಅವಳ ಹೆಸರು ಕೇಳಿ ಅರ್ಧ ಸಭೆಗೆ ಯಾರು ಅಂತ ಗೊತ್ತಾಗಲಿಲ್ಲ. ಅವಳು ಎದ್ದು ಓಡಿಯೇ ಬಂದಳು. ವೇದಿಕೆ ಹತ್ತಿ ಪದವಿಪತ್ರ ಎರಡೂ ಕೈಯಲ್ಲಿ ಹಿಡಿದು, ಮೇಲೆತ್ತಿ, ಕುಣಿದುಬಿಟ್ಟಳು. ಆ ಧೂಳಿನಲ್ಲಿ, ಎಲ್ಲರ ಎದುರಿಗೆ, ನಾಚಿಕೆ ಗೀಚಿಕೆ ಬಿಟ್ಟು.

ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ಮೇಷ್ಟ್ರಿಗೆ ಧೂಳು ಮೂಗಿಗೆ ಹೊಕ್ಕಿತು. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ತಿರುಗಿ ಗುಡುಗಿದರು. "ಏನಿದು ಧೂಳು! ಒರೆಸೋರು ಯಾರೂ ಇಲ್ವಾ ಇಲ್ಲಿ?"

ಹನ್ನೆರಡನೆಯ ಸಾಲಿನಿಂದ ಏಳು ಹೆಂಗಸರು ಒಟ್ಟಿಗೆ ಹೇಳಿದರು.

"ಇದೀವಿ ಸಾರ್. ಕೂತಿದೀವಿ."